ತಕ್ಕಡಿ ಗುರುತಿನ ಖಡ್ಗಗಳು: ಕೋಪೆಲ್ ಸಂಸ್ಥೆಯ ಏಳುಬೀಳು

ಪಶ್ಚಿಮ ಜರ್ಮನಿಯ ವುಪರ್ ನದಿಯ ತಟದಲ್ಲಿರುವ ಸೋಲಿಂಗೆನ್, 'ಅಲಗುಗಳ ನಗರ' ಎಂದೇ ಪ್ರಸಿದ್ಧ. ಮಧ್ಯಯುಗದಿಂದಲೂ ಇಲ್ಲಿ ಖಡ್ಗ ತಯಾರಿಕೆ ಮುಖ್ಯ ಕಸುಬಾಗಿತ್ತು. ಕಬ್ಬಿಣ ಕಾಯಿಸಿ ಬಡಿಯುವವರು, ಅಲಗಿಗೆ ಹದ ಕೊಡುವವರು, ಸಾಣೆ ಹಿಡಿಯುವವರು ಹೀಗೆ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ಕುಶಲಕರ್ಮಿಗಳಿದ್ದರು. ತೊರೆಗಳ ನೀರಿನ ಬಲದಿಂದ ಸಾಣೆಕಲ್ಲುಗಳು ತಿರುಗುತ್ತಿದ್ದವು.

ಈ ನಗರದಲ್ಲಿ 1821ರಲ್ಲಿ ಅಲೆಕ್ಸಾಂಡರ್ ಕೋಪೆಲ್ ಎಂಬ ಯಹೂದಿ ಉದ್ಯಮಿ ತಮ್ಮ ಹೆಸರಿನಲ್ಲೇ ಸಂಸ್ಥೆಯೊಂದನ್ನು ಆರಂಭಿಸಿದರು. ಸೇನೆಗೆ ಖಡ್ಗ, ಬಯೋನೆಟ್‌ಗಳನ್ನೂ ಜನಸಾಮಾನ್ಯರಿಗೆ ಚಾಕು, ಕತ್ತರಿಗಳನ್ನೂ ತಯಾರಿಸಿ ಸಂಸ್ಥೆ ಬೆಳೆಯಿತು. ತಕ್ಕಡಿಯ ಚಿತ್ರ ಅದರ ವ್ಯಾಪಾರ ಮುದ್ರೆಯಾಯಿತು. ಸಂಸ್ಥಾಪಕರ ಪುತ್ರ ಗುಸ್ತಾವ್ ಕೋಪೆಲ್ (1830-1914) ಉದ್ಯಮದೊಂದಿಗೆ ದಾನಕಾರ್ಯಗಳಿಂದಲೂ ಹೆಸರಾದರು. ನಗರವು ಅವರಿಗೆ ಗೌರವ ಪೌರತ್ವ ನೀಡಿ ಸನ್ಮಾನಿಸಿತು.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತು. 1919ರ ವರ್ಸೇಲ್ಸ್ ಒಪ್ಪಂದ ಆ ದೇಶದ ಶಸ್ತ್ರಾಸ್ತ್ರ ತಯಾರಿಕೆಗೆ ಕಡಿವಾಣ ಹಾಕಿತು. ಸೋಲಿಂಗೆನ್ನಿನ ಖಡ್ಗ ಉದ್ಯಮಕ್ಕೆ ಇದರಿಂದ ಬಲವಾದ ಪೆಟ್ಟು ಬಿತ್ತು. ಆದರೆ ಕೋಪೆಲ್ ಕುಟುಂಬಕ್ಕೆ ನಿಜವಾದ ಆಘಾತ ಕಾದಿದ್ದುದು 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಬಳಿಕ. ಯಹೂದಿಗಳ ಆಸ್ತಿಯನ್ನು ಯಹೂದಿಯೇತರರಿಗೆ ಬಲವಂತವಾಗಿ ವರ್ಗಾಯಿಸುವ ನಾಜಿಗಳ ನೀತಿಯಿಂದಾಗಿ 1936ರಲ್ಲಿ ಸಂಸ್ಥೆಯು ಕುಟುಂಬದ ಕೈತಪ್ಪಿತು.

ವಿಪರ್ಯಾಸವೆಂದರೆ, ಒಡೆಯರನ್ನು ಹೊರದಬ್ಬಿದ ಮೇಲೂ ಅವರ ಹೆಸರು ಮಾತ್ರ ಉಳಿಯಿತು. ಅಲೆಕ್ಸಾಂಡರ್, ಕೋಪೆಲ್, ಸೋಲಿಂಗೆನ್ ಎಂಬ ಮೂರು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದ 'ಅಲ್ಕೋಸೋ' ಎಂಬ ಹೆಸರು ತಕ್ಕಡಿ ಮುದ್ರೆಯೊಂದಿಗೆ ಅಲಗುಗಳ ಮೇಲೆ ಮುಂದುವರಿಯಿತು. ನಾಜಿ ಆಡಳಿತದ ವಾಯುಪಡೆಯು 1937ರಲ್ಲಿ ತನ್ನ ಅಧಿಕಾರಿಗಳಿಗಾಗಿ ಜಾರಿಗೆ ತಂದ ಕಠಾರಿಗಳಲ್ಲೂ ಈ ಮುದ್ರೆಯನ್ನು ಕಾಣಬಹುದು.

ಗುಸ್ತಾವ್ ಅವರ ಪುತ್ರ, ಅಜ್ಜನ ಹೆಸರನ್ನೇ ಹೊತ್ತಿದ್ದ ಡಾ. ಅಲೆಕ್ಸಾಂಡರ್ ಕೋಪೆಲ್ 1865ರಲ್ಲಿ ಜನಿಸಿದವರು. ಇಳಿವಯಸ್ಸಿನಲ್ಲಿ ಅವರನ್ನು ಜರ್ಮನಿಯ ವಶದಲ್ಲಿದ್ದ ಚೆಕ್ ನೆಲದ ತೆರೇಸಿಯನ್‌ಸ್ಟಾಟ್ ಬಂಧನ ಶಿಬಿರಕ್ಕೆ ಸಾಗಿಸಲಾಯಿತು. 1942ರಲ್ಲಿ ಅವರು ಅಲ್ಲಿಯೇ ಕೊನೆಯುಸಿರೆಳೆದರು.

ಕೋಪೆಲ್ ಖಡ್ಗಗಳು ಈಗ ಸಂಗ್ರಾಹಕರ ಪಾಲಾಗಿವೆ. ಸೋಲಿಂಗೆನ್ ನಗರವು ಶಾಲೆಯೊಂದಕ್ಕೆ ಅಲೆಕ್ಸಾಂಡರ್ ಕೋಪೆಲ್ ಅವರ ಹೆಸರನ್ನಿಟ್ಟಿದೆ. ಒಂದು ಕಾಲದಲ್ಲಿ ಮಾಲೀಕರಿಲ್ಲದೆ ಮುದ್ರೆಯಾಗಿಯಷ್ಟೇ ಉಳಿದಿದ್ದ ಆ ಹೆಸರು ಈಗ ಮಕ್ಕಳ ನಾಲಿಗೆಯ ಮೇಲಿದೆ.