ಗದ್ಯವಾಚನಕ್ಕೆ ಪಿಟೀಲಿನ ಜತೆ: ಒಂದು ವಿಚಾರ

ಕಥೆ ಕಾದಂಬರಿಗಳ ವಾಚನವನ್ನು ಪಿಟೀಲುವಾದನದೊಡನೆ ಹೆಣೆದು ಒಂದೇ ಕಚೇರಿಯಾಗಿ ನಡೆಸುವುದನ್ನು ಕೆಲವರು ಗಮಕಕಲೆಯ ಮುಂದುವರಿಕೆಯೆಂದು ಬಗೆಯುವುದುಂಟು. ಈ ಮಾತು ಪರಿಶೀಲನಾರ್ಹವಾದುದು.

ಕುಮಾರವ್ಯಾಸ, ಲಕ್ಷ್ಮೀಶರ ಕಾವ್ಯಗಳನ್ನು ಗಮಕಿಯು ರಾಗವಾಗಿ ವಾಚಿಸುತ್ತಾನೆ. ವ್ಯಾಖ್ಯಾನಕಾರನು ಅರ್ಥವನ್ನು ವಿವರಿಸುತ್ತಾನೆ. ಅಲ್ಲಿ ತಾಳದ ಕಟ್ಟಿಲ್ಲ. ಪದಗಳನ್ನು ಬಿಡಿಸುವುದು ಅರ್ಥವನ್ನು ಅನುಸರಿಸಿ. ರಾಗವು ಸಾಹಿತ್ಯಕ್ಕೆ ಅಧೀನ. ನಾವು ಮುಖ್ಯವಾಗಿ ಗಮನಿಸತಕ್ಕದ್ದೆಂದರೆ, ಪದ್ಯಕ್ಕೆ ರಾಗವುಂಟು, ವ್ಯಾಖ್ಯಾನದ ಗದ್ಯಕ್ಕೆ ಅದಿಲ್ಲ. ಅಂದಮೇಲೆ ಗದ್ಯಕ್ಕೆ ನಾದವನ್ನು ಕೂಡಿಸುವವನಿಗೆ ಗಮಕದಲ್ಲಿ ಮೇಲ್ಪಂಕ್ತಿ ದೊರೆಯದು.

ಪಿಟೀಲಿನ ಚರಿತ್ರೆಯೂ ಈ ಕಷ್ಟವನ್ನು ಹೆಚ್ಚಿಸುತ್ತದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಈ ಪಾಶ್ಚಾತ್ಯ ವಾದ್ಯವನ್ನು ನಮ್ಮ ಸಂಗೀತಕ್ಕೆ ಅಳವಡಿಸಿಕೊಂಡರು. ಅಂದಿನಿಂದ ಅದು ಪ್ರಧಾನವಾಗಿ ಗಾಯಕನ ಕಂಠವನ್ನು ಹಿಂಬಾಲಿಸುವ ಪಕ್ಕವಾದ್ಯವಾಗಿ ಬೆಳೆಯಿತು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು (1895–1967) ಅದಕ್ಕೆ ಏಳು ತಂತಿಗಳನ್ನು ಹೂಡಿದ್ದು, ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದವು ದೂರಕ್ಕೆ ಕೇಳಲೆಂದು. ಗದ್ಯವನ್ನು ಓದುವವನ ಕಂಠದಲ್ಲಾದರೋ ಹಿಂಬಾಲಿಸಲು ನಿಶ್ಚಿತ ಸ್ವರವಿಲ್ಲ. ಆದ್ದರಿಂದ ಚಲನಚಿತ್ರದ ಹಿನ್ನೆಲೆ ಸಂಗೀತದಂತೆ ಓದಿನ ಕೆಳಗೆ ನುಡಿಸುವ ಮೋಹ ಹುಟ್ಟುತ್ತದೆ. ಹಾಗೆ ಮಾಡಿದಲ್ಲಿ ಕೇಳುಗನಿಗೆ ವಾಕ್ಯವೂ ದಕ್ಕದು, ರಾಗವೂ ದಕ್ಕದು. ಓದು ನಿಂತೆಡೆಯಲ್ಲಿ ವಾದನ ತೊಡಗುವುದೇ ಲೇಸೆಂದು ನನ್ನ ಅಭಿಪ್ರಾಯ.

ಇಂಥ ಪ್ರಯೋಗಕ್ಕೆ ದಕ್ಷಿಣ ಬೆಂಗಳೂರು ಒಗ್ಗಿದ ನೆಲ. 1905ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನ ಸಮಾಜದ ಮುಂದಿನ ಕೃಷ್ಣರಾಜೇಂದ್ರ ರಸ್ತೆಯೇ ಬನಶಂಕರಿಯತ್ತ ಸಾಗುತ್ತದೆ. 1948ರಲ್ಲಿ ಆರಂಭವಾದ ಜಯನಗರವೂ ಸಮೀಪದ್ದೇ. ಓದಲು ತಕ್ಕ ಕೃತಿಗಳಿಗೂ ಕೊರತೆಯಿಲ್ಲ. ಅ. ನ. ಕೃಷ್ಣರಾಯರ (1908–1971) ‘ಸಂಧ್ಯಾರಾಗ’ವು ಸಂಗೀತಗಾರನ ಬದುಕನ್ನೇ ವಸ್ತುವಾಗಿ ಉಳ್ಳದ್ದು. ಪುಟವು ರಾಗವನ್ನು ವರ್ಣಿಸಬಲ್ಲುದು, ಕೇಳಿಸಲಾರದು. 1966ರ ಚಲನಚಿತ್ರವು ಆ ಕೊರತೆಯನ್ನು ತುಂಬಲು ಬಾಲಮುರಳೀಕೃಷ್ಣ, ಭೀಮಸೇನ ಜೋಶಿಯವರ ಕಂಠಗಳನ್ನು ಆಶ್ರಯಿಸಬೇಕಾಯಿತು. ವಾಚನಕಚೇರಿಯಲ್ಲಿ ಪಿಟೀಲಿನ ನಿಜವಾದ ಸ್ಥಾನವಿರುವುದು ಇಲ್ಲಿಯೇ. ವರ್ಣನೆಯನ್ನು ಮೊದಲು ಓದಿ, ಬಳಿಕ ರಾಗವನ್ನು ನುಡಿಸಿದರೆ, ಲೇಖಕನ ಮಾತು ಎಷ್ಟು ದೂರ ಸಲ್ಲುತ್ತದೆಂಬುದನ್ನು ಕೇಳುಗನೇ ಅಳೆಯಬಲ್ಲನು.

ಎಸ್. ಎಲ್. ಭೈರಪ್ಪನವರ ‘ಮಂದ್ರ’ದಲ್ಲಿ ಇನ್ನೊಂದು ತೊಡಕಿದೆ. ಅದರ ನಾಯಕ ಹಿಂದೂಸ್ತಾನಿ ಗಾಯಕ. ಅದನ್ನು ಆರಿಸಿಕೊಳ್ಳುವ ಕರ್ನಾಟಕ ಪದ್ಧತಿಯ ಪಿಟೀಲುಗಾರನು ತನ್ನ ಸಂಪ್ರದಾಯವನ್ನು ಬಿಡಬೇಕೆ, ಕಾದಂಬರಿಯ ರಾಗವನ್ನು ಬಿಡಬೇಕೆ ಎಂಬುದನ್ನು ವೇದಿಕೆಗೆ ಏರುವ ಮೊದಲೇ ನಿರ್ಣಯಿಸಿಕೊಳ್ಳಬೇಕಾಗುತ್ತದೆ.