ಮೌಸರ್ ಕೊಂಡವನು, ಮೌಸರ್ ಕದ್ದವರು

ಸೇನೆಯಲ್ಲಿ ಆಯುಧ ರಿಪೇರಿಯ ಆರ್ಮರರ್ ಆಗಿದ್ದು ನಿವೃತ್ತನಾದ ಮೇಲೆ ಬೆಂಗಳೂರಿನ ಒಂದು ಕೋವಿ ಅಂಗಡಿಯ ಹಿಂಬದಿಯಲ್ಲಿ ಕೂತು ರಿಪೇರಿ ಮಾಡಿದವನು ನಾನು. ಪಿಸ್ತೂಲು ಕೊಳ್ಳಲು ಬಂದವರೆಲ್ಲ ಕೇಳುತ್ತಿದ್ದುದು, ಯಾವುದಕ್ಕೆ ಜೋರು ಹೆಚ್ಚು ಅಂತ. ಅದರ ತೋಟಾ ನಿಮಗೆ ಎಲ್ಲಿ ಸಿಗುತ್ತದೆ ಅಂತ ನಾನು ತಿರುಗಿ ಕೇಳುತ್ತಿದ್ದೆ. ಹೆಚ್ಚಿನವರಿಗೆ ಈ ಪ್ರಶ್ನೆ ರುಚಿಸುತ್ತಿರಲಿಲ್ಲ. ಆದರೆ ನಮ್ಮ ದೇಶದ ಚರಿತ್ರೆಯಲ್ಲಿ ಅತ್ಯಂತ ಹೆಸರು ಮಾಡಿದ ಪಿಸ್ತೂಲಿನ ಕತೆಯೆಲ್ಲ ಇದೊಂದು ಪ್ರಶ್ನೆಯ ಸುತ್ತಲೇ ಇದೆ.

ಅದು ಮೌಸರ್ ಸಿ-96. ಜರ್ಮನಿಯ ಓಬರ್ನ್‌ಡಾರ್ಫ್ ಕಾರ್ಖಾನೆಯಲ್ಲಿ ಫೀಡರ್ಲೆ ಅಣ್ಣತಮ್ಮಂದಿರು ರೂಪಿಸಿದ್ದು. ಪೇಟೆಂಟ್ ಮಾತ್ರ 1895ರಲ್ಲಿ ಧಣಿ ಪೌಲ್ ಮೌಸರ್ ಹೆಸರಿಗೆ ಹೋಯಿತು. ಪೊರಕೆಯ ಹಿಡಿಯಂಥ ಗುಂಡನೆಯ ಹಿಡಿ, ಟ್ರಿಗರ್‌ನ ಮುಂದೆ ತೋಟಾ ಪೆಟ್ಟಿಗೆ, ಮೇಲಿನಿಂದ ಕ್ಲಿಪ್ಪಿನಲ್ಲಿ ಒಮ್ಮೆಗೇ ಒತ್ತುವ ಹತ್ತು ತೋಟಾ. ಪಿಸ್ತೂಲನ್ನು ಇಡುವ ಮರದ ಪೆಟ್ಟಿಗೆಯನ್ನೇ ಹಿಡಿಗೆ ಸಿಕ್ಕಿಸಿದರೆ ಹೆಗಲಿಗೊತ್ತಿ ಹೊಡೆಯುವ ಪುಟ್ಟ ರೈಫಲ್ಲು. ಕೆಲವು ಮಾದರಿಗಳ ಗುರಿಪಟ್ಟಿಯ ಮೇಲೆ 1,000 ಮೀಟರ್‌ವರೆಗೆ ಗೆರೆ ಎಳೆದಿದ್ದಾರೆ. ಅದು ಬರೀ ಜಂಬ. ಕೈಯಲ್ಲಿ ಹಿಡಿದು 50 ಮೀಟರ್‌ಗೆ ತಾಗಿಸಿದವನೇ ಶೂರ.

ಮುಖ್ಯವಾದದ್ದು ತೋಟಾ: 7.63 ಮಿಲಿಮೀಟರ್. ನಮ್ಮ ಲೈಸೆನ್ಸ್ ಪುಸ್ತಕಗಳ ಭಾಷೆಯಲ್ಲಿ ಪಾಯಿಂಟ್ 30 ಬೋರ್. ಕತ್ತು ಕಿರಿದಾದ ಹಿತ್ತಾಳೆ ಕವಚ, ಐದೂವರೆ ಗ್ರಾಂ ಗುಂಡು, ವೇಗ ಸೆಕೆಂಡಿಗೆ ಸುಮಾರು 430 ಮೀಟರ್. 1935ರಲ್ಲಿ ಅಮೆರಿಕದ ಪಾಯಿಂಟ್ 357 ಮ್ಯಾಗ್ನಮ್ ಬರುವವರೆಗೆ ಮಾರುಕಟ್ಟೆಯಲ್ಲಿ ಇದಕ್ಕಿಂತ ವೇಗದ ಕೈಬಂದೂಕಿನ ತೋಟಾ ಇರಲಿಲ್ಲ. ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದ ವೆಬ್ಲಿ ರಿವಾಲ್ವರ್ ತದ್ವಿರುದ್ಧ. ಅದರ ಪಾಯಿಂಟ್ 455 ಗುಂಡು 17 ಗ್ರಾಂ ತೂಗಿದರೂ ವೇಗದಲ್ಲಿ ಮೌಸರಿನ ಅರ್ಧಕ್ಕಿಂತ ಹೆಚ್ಚೇನಿಲ್ಲ. ಆದರೆ ಅದರ ತೋಟಾ ಸೇನೆಯ ಎಲ್ಲ ಉಗ್ರಾಣದಲ್ಲೂ ಇತ್ತು. ಹಾಗಾಗಿ ಮೌಸರ್ ಆರಿಸುವವನಿಗೆ ಬಲವಾದ ಕಾರಣವೊಂದು ಬೇಕಿತ್ತು.

ಅಂಥ ಕಾರಣ ಇದ್ದವನೊಬ್ಬ ನಮ್ಮ ಬೆಂಗಳೂರಿನಲ್ಲೇ ಇದ್ದ. 1896ರಲ್ಲಿ ನಾಲ್ಕನೇ ಹುಸಾರ್ಸ್ ಪಡೆಯೊಂದಿಗೆ ಬೊಂಬಾಯಿಗೆ ಬಂದಿಳಿದ ವಿನ್‌ಸ್ಟನ್ ಚರ್ಚಿಲ್, ಸಸೂನ್ ಡಾಕಿನಲ್ಲಿ ದೋಣಿಯಿಂದ ಮೆಟ್ಟಿಲಿಗೆ ಹತ್ತುವಾಗ ಕಬ್ಬಿಣದ ಬಳೆ ಹಿಡಿದ. ದೋಣಿ ಜಾರಿತು, ಬಲ ಹೆಗಲ ಕೀಲು ತಪ್ಪಿತು. ಮುಂದೆ ಬೆಂಗಳೂರು ದಂಡಿನಲ್ಲಿ ತೋಳು ಬಿಗಿದುಕೊಂಡೇ ಪೋಲೋ ಆಡುತ್ತಿದ್ದ. ಕತ್ತಿ ಬೀಸಲು ಹೆಗಲನ್ನು ನಂಬುವಂತಿರಲಿಲ್ಲ. ಲಂಡನ್ನಿನಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯಿಂದ ಮೌಸರ್ ಕೊಂಡ. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್ಡುರ್ಮನ್‌ನಲ್ಲಿ 21ನೇ ಲ್ಯಾನ್ಸರ್ಸ್ ಕುದುರೆ ದಾಳಿಯಲ್ಲಿ ಕತ್ತಿಯನ್ನು ಒರೆಗೆ ಸೇರಿಸಿ ಇದನ್ನೇ ಎಳೆದ. ಉಳಿದು ಬಂದ. ಒಂದೇ ದಾಳಿಗೆ, ಜೇಬಿನಲ್ಲಿ ಹಣ ಇದ್ದವನಿಗೆ, ಅಪರೂಪದ ಬೋರು ತೊಂದರೆಯಲ್ಲ.

ಬಂಗಾಳದ ಕ್ರಾಂತಿಕಾರಿಗಳಿಗೆ ಆ ಅನುಕೂಲ ಇರಲಿಲ್ಲ. ಕಲ್ಕತ್ತೆಯ ರೋಡ್ಡಾ ಕಂಪನಿ ಬಂದೂಕು ವ್ಯಾಪಾರಿ. 1914ರ ಆಗಸ್ಟ್ 26ರಂದು ಅದರ ಗುಮಾಸ್ತ, ಕ್ರಾಂತಿಕಾರಿಗಳ ಕಡೆಯವನಾದ ಶ್ರೀಶ್ ಮಿತ್ರ ಸುಂಕದ ಕಟ್ಟೆಯಿಂದ 202 ಪೆಟ್ಟಿಗೆ ಬಿಡಿಸಿಕೊಂಡ. ಅಂಗಡಿ ತಲುಪಿದ್ದು 192. ಉಳಿದ ಹತ್ತು ಎತ್ತಿನ ಗಾಡಿಯಲ್ಲಿ ಬೇರೆ ಬೀದಿಗೆ ತಿರುಗಿದವು. ಶ್ರೀಶನೂ ಮತ್ತೆ ಅಂಗಡಿಯತ್ತ ಬರಲಿಲ್ಲ. ಆ ಹತ್ತರಲ್ಲಿದ್ದದ್ದು 50 ಮೌಸರ್ ಪಿಸ್ತೂಲು, 46,000 ತೋಟಾ. ಎಲ್ಲರೂ ಐವತ್ತನ್ನು ಎಣಿಸುತ್ತಾರೆ. ನಾನು ಎಣಿಸುವುದು ಎರಡನೆಯದನ್ನು: ಪಿಸ್ತೂಲೊಂದಕ್ಕೆ 920. ಬರೀ ಪಿಸ್ತೂಲು ಕದ್ದಿದ್ದರೆ ಮೊದಲ ಕ್ಲಿಪ್ಪಿಗೇ ಕತೆ ಮುಗಿಯುತ್ತಿತ್ತು, ಯಾಕೆಂದರೆ ಪೊಲೀಸರಿಂದ ಕಿತ್ತುಕೊಂಡ ಯಾವ ತೋಟಾವೂ ಇದಕ್ಕೆ ಕೂರುವುದಿಲ್ಲ.

ಕ್ರಾಂತಿಕಾರಿ ಚಟುವಟಿಕೆಗಳ ತನಿಖೆ ಮಾಡಿದ ರೌಲಟ್ ಸಮಿತಿಯ 1918ರ ವರದಿಯ ಪ್ರಕಾರ 44 ಪಿಸ್ತೂಲುಗಳು ತಡವಿಲ್ಲದೆ ಒಂಬತ್ತು ಗುಂಪುಗಳಿಗೆ ಹಂಚಿಹೋದವು, ಮುಂದೆ 54 ಪ್ರಕರಣಗಳಲ್ಲಿ ಬಳಕೆಯಾದವು. ಅಷ್ಟು ನಿಖರವಾಗಿ ಲೆಕ್ಕ ಸಿಕ್ಕಿದ್ದು ಹೇಗೆ? ನನ್ನ ಕಸುಬಿನವನಿಗೆ ಒಂದು ಊಹೆ ಇದೆ. ರಿವಾಲ್ವರು ಖಾಲಿ ಕವಚವನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಮೌಸರ್ ಪ್ರತಿ ಗುಂಡಿಗೂ ಒಂದೊಂದನ್ನು ನೆಲಕ್ಕೆ ಉಗುಳುತ್ತದೆ, ಆ ಕಿರಿದಾದ ಕತ್ತಿನ ಕವಚವನ್ನು ಕುರುಡನೂ ಬೆರಳಲ್ಲಿ ಗುರುತಿಸಿಯಾನು. ಊರಿಗೆಲ್ಲ ಅಪರೂಪವಾದ ಬೋರು ತನ್ನ ಗುರುತನ್ನು ತಾನೇ ಬಿಟ್ಟುಹೋಗುತ್ತದೆ.

1915ರ ಸೆಪ್ಟೆಂಬರ್ 9ರಂದು ಒಡಿಶಾದ ಬಾಲಸೋರ್ ಬಳಿ ಚಷಾಖಂಡದಲ್ಲಿ ಬಂಗಾಳದ ಕ್ರಾಂತಿಕಾರಿ ನಾಯಕ ಬಾಘಾ ಜತಿನ್ ಮತ್ತು ನಾಲ್ವರು ಸಂಗಡಿಗರು ಮೌಸರ್ ಹಿಡಿದೇ ಪೊಲೀಸರ ರೈಫಲ್ಲುಗಳಿಗೆ ಎದುರು ನಿಂತರು. ಸಂಗಡಿಗ ಚಿತ್ತಪ್ರಿಯ ಅಲ್ಲೇ ಬಿದ್ದ, ಜತಿನ್ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಎಷ್ಟೇ ವೇಗದ ಗುಂಡಾದರೂ ಪಿಸ್ತೂಲು ಪಿಸ್ತೂಲೇ. ರೈಫಲ್ಲಿನ ದೂರಕ್ಕೆ ಅದು ಸಮನಲ್ಲ. ಬ್ರಿಟಿಷರ ವಿರುದ್ಧ ಯುದ್ಧದಲ್ಲಿದ್ದ ಜರ್ಮನಿ ಕಳಿಸುತ್ತದೆ ಅಂತ ಅವರು ಕಾದಿದ್ದ ಆಯುಧಗಳು ದಡ ಮುಟ್ಟಲೇ ಇಲ್ಲ. ಹತ್ತು ವರ್ಷದ ಮೇಲೆ, 1925ರ ಆಗಸ್ಟ್ 9ರಂದು, ಕಾಕೋರಿಯಲ್ಲಿ ಸರ್ಕಾರದ ಹಣ ದೋಚಲು ರೈಲು ನಿಲ್ಲಿಸಿದ ಕ್ರಾಂತಿಕಾರಿ ಬಿಸ್ಮಿಲ್ ತಂಡದ ಕೈಯಲ್ಲೂ ಮೌಸರ್ ಇತ್ತು.

ಸ್ವಾತಂತ್ರ್ಯದ ನಂತರ ಕಾನೂನು 9 ಮಿಲಿಮೀಟರನ್ನೂ ಪಾಯಿಂಟ್ 455ನ್ನೂ ನಿಷೇಧಿತ ಬೋರ್ ಎಂದು ಸಾಮಾನ್ಯರಿಂದ ದೂರ ಇಟ್ಟಿತು. ಪಾಯಿಂಟ್ 30 ಉಳಿಯಿತು. ಸರ್ಕಾರಿ ಕಾರ್ಖಾನೆ ಮಾಡಿಕೊಟ್ಟದ್ದು ಪಾಯಿಂಟ್ 32. ಸಾಧು, ಮೆತ್ತಗಿನ ತೋಟಾ. ಹಾಗಾಗಿ ಜೋರು ಬೇಕೆನ್ನುವವರ ಕಣ್ಣು ಅಜ್ಜನ ಕಾಲದ ಮೌಸರಿನ ಮೇಲೆ. ಬೆಂಚಿಗೆ ಬಂದವುಗಳಲ್ಲಿ ಹಲವಕ್ಕೆ ನಳಿಗೆ ಸವೆದು ಗೀರುಗಳೇ ಇಲ್ಲ, ಸ್ಪ್ರಿಂಗ್ ಸತ್ತಿರುತ್ತದೆ.

ಇನ್ನೊಂದು ಅಪಾಯವಿದೆ, ಅದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದೆ. ರಷ್ಯನ್ನರು 1930ರ ಹೊತ್ತಿಗೆ ಇದೇ ತೋಟಾವನ್ನು ಮಾದರಿಯಾಗಿಟ್ಟು ತಮ್ಮ 7.62 ಟೋಕರೆವ್ ಮಾಡಿಕೊಂಡರು. ಕಣ್ಣಿಗೆ ಎರಡೂ ಒಂದೇ, ಮೌಸರಿನೊಳಗೆ ಸಲೀಸಾಗಿ ಕೂರುತ್ತದೆ ಕೂಡ. ಆದರೆ ಒತ್ತಡ ಹೆಚ್ಚು. ನೂರು ವರ್ಷದ ಬೋಲ್ಟು ಅದನ್ನು ತಡೆಯದೆ ಹೊಡೆಯುವವನ ಮುಖದ ಕಡೆಗೇ ಹಿಂದಕ್ಕೆ ಬರಬಹುದು. ಪಾಯಿಂಟ್ 30 ಅಂತ ಸಿಕ್ಕಿದ್ದನ್ನೆಲ್ಲ ತುಂಬಬೇಡಿ, ಕವಚದ ಬುಡದ ಮುದ್ರೆ ಓದಿ ಅನ್ನುತ್ತಿದ್ದೆ. ಓದಲಾಗದಷ್ಟು ಅಳಿಸಿದ್ದರೆ ಆ ತೋಟಾವನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಳ್ಳಿ.