ಭೂಪಟದಿಂದ ಅಳಿಸಿ ಮತ್ತೆ ಮೂಡಿದ ನಾಡು



ಮನೆಯಲ್ಲಿ ಮಕ್ಕಳ ಅಟ್ಲಾಸ್ ಇದ್ದರೆ ಪಶ್ಚಿಮ ಆಫ್ರಿಕಾದ ಪುಟ ತೆಗೆಯಿರಿ. ಮಾಲಿ, ನೈಜರ್, ಬೆನಿನ್, ಟೋಗೊ, ಘಾನಾ, ಐವರಿ ಕೋಸ್ಟ್ – ಈ ಆರು ದೇಶಗಳ ನಡುವೆ, ಕಡಲಿನ ದಾರಿಯೇ ಇಲ್ಲದೆ ಕೂತಿದೆ ಬುರ್ಕಿನಾ ಫಾಸೊ. ಫ್ರೆಂಚರು ಈ ನಾಡನ್ನು ಒಮ್ಮೆ ವಸಾಹತಾಗಿ ಕಟ್ಟಿದರು, ಆಮೇಲೆ ಭೂಪಟದಿಂದಲೇ ಅಳಿಸಿದರು, ಹದಿನೈದು ವರ್ಷ ಕಳೆದ ಮೇಲೆ ಮತ್ತೆ ಬರೆದರು!

ಅಲ್ಲಿ ಮೊದಲು ಇದ್ದವುಗಳಲ್ಲಿ ಮೊಸ್ಸಿ ಜನರ ರಾಜ್ಯಗಳು ಪ್ರಬಲ. ಊಗಾಡೂಗುವಿನ ಅರಸನಿಗೆ 'ಮೊರೊ ನಾಬಾ' ಎಂದು ಹೆಸರು. 1896ರಲ್ಲಿ ಫ್ರೆಂಚ್ ಸೇನೆ ಊಗಾಡೂಗುವನ್ನು ಹಿಡಿಯಿತು. ಮೊದಲ ಮಹಾಯುದ್ಧಕ್ಕೆ ಯುವಕರನ್ನು ಬಲವಂತವಾಗಿ ಎಳೆದೊಯ್ಯತೊಡಗಿದಾಗ, 1915-16ರಲ್ಲಿ ಪಶ್ಚಿಮ ಭಾಗದ ಹಳ್ಳಿಗಳು ದಂಗೆ ಎದ್ದವು. ದಂಗೆಯನ್ನು ಹತ್ತಿಕ್ಕಿದ ಫ್ರಾನ್ಸ್, ಹಿಡಿತ ಬಿಗಿಯಾಗಲೆಂದು 1919ರಲ್ಲಿ ಈ ಪ್ರದೇಶವನ್ನು 'ಅಪ್ಪರ್ ವೋಲ್ಟಾ' ಎಂಬ ಪ್ರತ್ಯೇಕ ವಸಾಹತಾಗಿ ಮಾಡಿತು. ಹೆಸರು ಬಂದದ್ದು ವೋಲ್ಟಾ ನದಿಯಿಂದ.

ರೈತರಿಂದ ಬಲವಂತವಾಗಿ ಹತ್ತಿ ಬೆಳೆಸಿದರೂ ಲಾಭ ಹುಟ್ಟಲಿಲ್ಲ. ಅಲ್ಲಿ ಧಾರಾಳವಾಗಿ ಸಿಗುತ್ತಿದ್ದದ್ದು ದುಡಿಯುವ ಕೈಗಳು ಮಾತ್ರ. 1932ರಲ್ಲಿ ವಸಾಹತನ್ನೇ ರದ್ದು ಮಾಡಿ, ನೆಲವನ್ನು ಐವರಿ ಕೋಸ್ಟ್, ನೈಜರ್ ಮತ್ತು ಈಗಿನ ಮಾಲಿಗೆ ಹಂಚಿಬಿಟ್ಟರು. ದೊಡ್ಡ ಪಾಲು ಐವರಿ ಕೋಸ್ಟ್‌ಗೆ. ಯಾಕೆ ಗೊತ್ತೇ? ಅಲ್ಲಿನ ಕಾಫಿ, ಕೋಕೋ ತೋಟಗಳಿಗೆ ಆಳು ಬೇಕಿತ್ತು!

ನಾಡು ಮರಳಿ ಬೇಕೆಂದು ಮೊರೊ ನಾಬಾ ಪಟ್ಟು ಹಿಡಿದ. 1946ರಲ್ಲಿ ಬಿಟ್ಟಿ ದುಡಿಮೆ ಕಾನೂನಿನಿಂದ ರದ್ದಾಯಿತು. 1947ರ ಸೆಪ್ಟೆಂಬರ್‌ನಲ್ಲಿ ಅಪ್ಪರ್ ವೋಲ್ಟಾ ಮರುಹುಟ್ಟು ಪಡೆಯಿತು. ಅದರಲ್ಲೂ ಪ್ಯಾರಿಸ್‌ನ ಲೆಕ್ಕಾಚಾರವಿತ್ತು: ಐವರಿ ಕೋಸ್ಟ್‌ನ ನಾಯಕ ಊಫ್ವೆ-ಬ್ವಾನ್ಯಿಯ ಪಕ್ಷದ ಬಲ ಕುಗ್ಗಿಸಬೇಕಿತ್ತು. 1958ರಲ್ಲಿ ಸ್ವಯಂ ಆಡಳಿತ, 1960ರ ಆಗಸ್ಟ್ 5ರಂದು ಪೂರ್ಣ ಸ್ವಾತಂತ್ರ್ಯ. ಮೊದಲ ಅಧ್ಯಕ್ಷ ಮಾರಿಸ್ ಯಾಮಿಯೊಗೊ ಏಕಪಕ್ಷದ ಆಡಳಿತ ತಂದರು, ಸಂಬಳಕ್ಕೆ ಕತ್ತರಿ ಹಾಕಿದರು. 1966ರ ಜನವರಿ 3ರಂದು ಕಾರ್ಮಿಕರು ಬೀದಿಗಿಳಿದರು. ಅಧ್ಯಕ್ಷರೇನೋ ಇಳಿದರು, ಆದರೆ ಕುರ್ಚಿ ಸಿಕ್ಕಿದ್ದು ಸೇನೆಗೆ!

1983ರಲ್ಲಿ ಅಧಿಕಾರ ಹಿಡಿದ ತೋಮಾ ಸಂಕಾರಾಗೆ ಆಗ 33 ವರ್ಷ. ಮರುವರ್ಷವೇ ನದಿಯ ಹೆಸರು ಹೋಗಿ ಜನರ ಹೆಸರು ಬಂತು. ಮೋರೆ ಭಾಷೆಯ 'ಬುರ್ಕಿನಾ' ಎಂದರೆ ನೆಟ್ಟಗೆ ಬಾಳುವವರು. ಜೂಲಾ ಭಾಷೆಯ 'ಫಾಸೊ' ಎಂದರೆ ತಂದೆಯ ನೆಲ. ಪ್ರಜೆಗಳು 'ಬುರ್ಕಿನಾಬೆ'; ಆ 'ಬೆ' ಫುಲಾ ಭಾಷೆಯದು. ಒಂದು ಹೆಸರಿನಲ್ಲಿ ಮೂರು ನುಡಿ! ಹಿಂದೆ ಬಲವಂತಕ್ಕೆ ಬೆಳೆದ ಹತ್ತಿಯಿಂದಲೇ ನೇಯ್ದ ಕೈಮಗ್ಗದ ಬಟ್ಟೆಯನ್ನು ಸಂಕಾರಾ ಅಧಿಕಾರಿಗಳಿಗೆ ತೊಡಿಸಿದರು. ಮುಷ್ಕರ ಹೂಡಿದ ಶಿಕ್ಷಕರನ್ನು ಸಾಮೂಹಿಕವಾಗಿ ಕೆಲಸದಿಂದ ತೆಗೆದವರೂ ಅವರೇ ಎಂಬುದನ್ನು ಮರೆಯಬಾರದು. 1987ರಲ್ಲಿ ಅವರ ಕೊಲೆಯಾಯಿತು. ಗೆಳೆಯ ಬ್ಲೇಸ್ ಕಂಪಾವೊರೆ ಗದ್ದುಗೆ ಏರಿ 27 ವರ್ಷ ಆಳಿದರು. 2014ರಲ್ಲಿ ಜನರೇ ಅವರನ್ನು ಓಡಿಸಿದರು. ಆ ಕೊಲೆಯಲ್ಲಿ ಪಾಲುದಾರರೆಂದು 2022ರಲ್ಲಿ ನ್ಯಾಯಾಲಯ ಅವರ ಗೈರುಹಾಜರಿಯಲ್ಲೇ ಜೀವಾವಧಿ ಶಿಕ್ಷೆ ವಿಧಿಸಿತು.

ಅದೇ 2022ರಲ್ಲಿ ಎರಡು ಸೇನಾ ಕ್ರಾಂತಿಗಳಾದವು. 2023ರಲ್ಲಿ ಫ್ರೆಂಚ್ ಪಡೆಗಳು ಹೊರನಡೆದವು. ಉಗ್ರರ ಹಾವಳಿಗೆ ಆ ವರ್ಷದ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಜನ ಮನೆ ತೊರೆದಿದ್ದರು.

ಲಕ್ಷಾಂತರ ಬುರ್ಕಿನಾಬೆಗಳು ಇಂದಿಗೂ ಐವರಿ ಕೋಸ್ಟ್‌ನಲ್ಲಿ ದುಡಿಯುತ್ತಾರೆ. ಆದರೆ ಅವರ ಅಜ್ಜಂದಿರು ಅಲ್ಲಿಗೆ ಹೋದಾಗ ಭೂಪಟದಲ್ಲಿ ಅವರ ನಾಡೇ ಇರಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮನ್ನು "ನಿಮ್ಮ ಕಡೆ ಯಾವುದು?" ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ, ಅಲ್ಲವೇ? ಆ ಉತ್ತರಕ್ಕಾಗಿ ಅವರು ಹದಿನೈದು ವರ್ಷ ಕಾಯಬೇಕಾಯಿತು.